ಮಧುಗಿರಿ–ತುಮಕೂರು ಕಾಲೇಜು ಬಸ್ಸಿನ ನೆನಪು ಬರೆಯೋದು ಹೇಗೆ: ಪ್ರತಿಕ್ರಿಯೆ

ಗೆಳೆಯರ ಕೂಟಕ್ಕೆ ನಮ್ಮ ಕಾಲೇಜು ಬಸ್ಸಿನ ನೆನಪು ಬರೆಯಲು ಕೂತರೆ "ತುಂಬಾ ಮಜವಾಗಿತ್ತು" ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂದಿದ್ದೀರಿ. ಬಹುಶಃ ಕಾಲೇಜಿನ ಮೂರೂ ವರ್ಷವನ್ನು ಒಟ್ಟಿಗೆ ನೆನೆಯಲು ಹೋಗುತ್ತಿದ್ದೀರಿ. ನನಗೂ ಹೀಗೇ ಆಗಿತ್ತು.

ಮೊದಲು ದಾರಿ ಬರೆಯಿರಿ. ಮಧುಗಿರಿಯಲ್ಲಿ ಬೆಟ್ಟ ಬೆನ್ನ ಹಿಂದೆ ಉಳಿದಲ್ಲಿಂದ ಕೊರಟಗೆರೆ ದಾಟಿ ತುಮಕೂರಿನವರೆಗೆ ಒಂದೊಂದೇ ಸ್ಟಾಪು. ಪ್ರತಿ ಸ್ಟಾಪಿನ ಹೆಸರಿನ ಪಕ್ಕದಲ್ಲಿ, ಅಲ್ಲಿ ಯಾರು ಹತ್ತುತ್ತಿದ್ದರು, ಎಲ್ಲಿ ಕೂರುತ್ತಿದ್ದರು ಅಂತ ಹಾಕಿ. ನನಗೆ ಕೊರಟಗೆರೆ ಅಂತ ಬರೆದ ತಕ್ಷಣ, ನಿಂತವರ ಬ್ಯಾಗುಗಳೆಲ್ಲ ನನ್ನ ತೊಡೆ ಮೇಲೆ ಗುಡ್ಡೆ ಬೀಳುತ್ತಿದ್ದದ್ದು ನೆನಪಾಯಿತು. ಯಾರದೋ ಡಬ್ಬಿಯಿಂದ ಸೋರಿದ ಚಿತ್ರಾನ್ನದ ಎಣ್ಣೆ, ಅದರ ಘಮ, ಡಿಸೆಂಬರ್ ಚಳಿಗೆ ಮುಚ್ಚಲಾಗದ ಕಿಟಕಿ, ಎಲ್ಲಾ ಒಂದರ ಹಿಂದೆ ಒಂದು ಬಂತು. ಎಷ್ಟು ಖುಷಿಯಾಯಿತು ಅಂದರೆ ಅವತ್ತು ಮತ್ತೇನೂ ಬರೆಯಲಿಲ್ಲ.

ಆಮೇಲೆ ಪಕ್ಕ ಕೂರುತ್ತಿದ್ದವರಿಗೆ ಫೋನ್ ಮಾಡಿ. ಸುಮ್ನೆ "ನೆನಪಿದೆಯಾ" ಅನ್ನಬೇಡಿ. "ಕಿಟಕಿ ಸೀಟಿಗೆ ಯಾರು ಜಾಸ್ತಿ ಜಗಳ ಆಡ್ತಿದ್ರು?" ಅಂತ ಕೇಳಿ. ಅವರು ಹೇಳಿದ್ದು ನಿಮ್ಮ ನೆನಪಿಗೆ ಹೊಂದದಿದ್ದರೆ ಎರಡನ್ನೂ ಬರೆಯಿರಿ, ಯಾವುದು ಸರಿ ಅಂತ ಕೂಟದಲ್ಲೇ ಮಾತಾಗಲಿ.

ಕೊನೆಗೆ ಒಂದೇ ಒಂದು ದಿನ ಆರಿಸಿಕೊಳ್ಳಿ. ಬಸ್ ಪಂಕ್ಚರ್ ಆದ ದಿನವೋ, ಕೊನೆ ಪರೀಕ್ಷೆ ಮುಗಿಸಿ ಬಂದ ಸಂಜೆಯೋ. ಅಲ್ಲಿಂದಲೇ ಶುರು ಮಾಡಿ.