ಮೂರು ಸಾಲು ಸಾಕು

ನಾನು ನ್ಯೂಜೆರ್ಸಿಯಲ್ಲಿ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬರುವವರಲ್ಲಿ ಯಹೂದಿ ಕುಟುಂಬಗಳೂ ಇವೆ. ಈ ಪ್ರಕರಣದ ಗುರುತುಗಳನ್ನೆಲ್ಲ ಬದಲಿಸಿದ್ದೇನೆ.

ಬಂದವರು ಅಪ್ಪ, ಜೊತೆಗೆ 12 ವರ್ಷದ ಮಗ. 13 ತುಂಬಿದಾಗ ಬಾರ್ ಮಿಟ್ಜ್ವಾ, ಅಂದರೆ ಹುಡುಗ ಧರ್ಮದ ಹೊಣೆಗೆ ಬರುವ ಸಮಾರಂಭ. ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಎಲ್ಲರೆದುರು ಧರ್ಮಗ್ರಂಥ ತೋರಾದ ಸುರುಳಿಯಿಂದ ಓದಬೇಕು. ‘ಇವನು ಸೋಮಾರಿ. ಅಕ್ಷರ ಕಂಡರೇ ಓಡುತ್ತಾನೆ. ಸುಮ್ನೆ ಮಾನ ಹೋಗುವುದು ಬೇಡ, ಕ್ಯಾನ್ಸಲ್ ಮಾಡೋಣ ಅಂತಿದ್ದೀನಿ’ ಅಂದರು ಅಪ್ಪ. ಹುಡುಗ ಪಕ್ಕದಲ್ಲೇ ಕೂತು ಜಾಕೆಟ್ಟಿನ ಜಿಪ್ ಮೇಲೆ ಕೆಳಗೆ ಎಳೆಯುತ್ತಿದ್ದ. ಜೊತೆಗೆ ಏನೋ ಗುನುಗುತ್ತಿದ್ದ.

ಏನು ಹಾಡು ಅಂತ ಕೇಳಿದೆ. ಹಾಡಲ್ಲ, ತೋರಾ ಓದುವ ಧಾಟಿ. ಎರಡು ವರ್ಷದ ಹಿಂದೆ ಅಣ್ಣ ಅಭ್ಯಾಸ ಮಾಡುವಾಗ ಗೋಡೆಯಾಚೆಯಿಂದ ಕೇಳಿದ್ದು. ಅಣ್ಣ ಮರೆತಿದ್ದಾನಂತೆ, ಇವನಿಗೆ ಇನ್ನೂ ಬರುತ್ತದೆ. ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ.

ಇಲ್ಲೊಂದು ಸಂಗತಿ ಇದೆ. ತೋರಾ ಸುರುಳಿಯಲ್ಲಿ ಸ್ವರಚಿಹ್ನೆ ಇರುವುದಿಲ್ಲ, ರಾಗದ ಗುರುತೂ ಇಲ್ಲ. ನಮ್ಮ ಲಿಪಿಯಲ್ಲಿ ಕೊಂಬು, ದೀರ್ಘ, ಇಳಿ ಎಲ್ಲ ಅಳಿಸಿಬಿಟ್ಟರೆ ಹೇಗೋ ಹಾಗೆ. ಎಷ್ಟೇ ಚೆನ್ನಾಗಿ ಓದುವವರೂ ಮೊದಲೇ ಕಲಿತು ಬರಬೇಕು. ಹಾಗಂತ ಕಣ್ಣು ಮುಚ್ಚಿ ಒಪ್ಪಿಸುವಂತಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ‘ಯಾದ್’ ಎಂಬ ಕಡ್ಡಿಯನ್ನು ಸಾಲಿನ ಮೇಲೆ ಸರಿಸುತ್ತ ಹೋಗಬೇಕು. ಕಿವಿ ಚುರುಕಾಗಿರುವ ಹುಡುಗನಿಗೆ ಇದು ಅನುಕೂಲವೇ ಅಲ್ವಾ?

ರುವೆನ್ ಫಾಯರ್‌ಸ್ಟೈನ್ (1921–2014) ಎಂಬ ಮನಶ್ಶಾಸ್ತ್ರಜ್ಞರು ರೊಮೇನಿಯಾದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಕೆಲಸ ಮಾಡಿದವರು. ಎರಡನೇ ಮಹಾಯುದ್ಧದಿಂದ ಉಳಿದುಬಂದ ಮಕ್ಕಳು, ಮೊರಾಕ್ಕೊದಿಂದ ವಲಸೆ ಬಂದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆಯುತ್ತಿದ್ದರು. ಫಾಯರ್‌ಸ್ಟೈನ್ ಪ್ರಶ್ನೆಯನ್ನೇ ಬದಲಿಸಿದರು. ಏನು ಗೊತ್ತಿದೆ ಅನ್ನುವುದು ಬಿಟ್ಟು, ಹೇಳಿಕೊಟ್ಟರೆ ಎಷ್ಟು ಕಲಿಯುತ್ತಾನೆ ಅಂತ ನೋಡಿದರು. ನಾನೂ ಅದನ್ನೇ ಮಾಡಿದೆ. ಅಪ್ಪನಿಂದಲೇ ಅರ್ಧ ಸಾಲು ಹಾಡಿಸಿದೆ. ನಾಲ್ಕನೇ ಸಲಕ್ಕೆ ಹುಡುಗ ಹಾಡುತ್ತಲೇ ಬೆರಳು ಸರಿಸಿದ. ಬೆರಳು ಒಂದು ಕಡೆ ಮಾತ್ರ ತಪ್ಪಿತು.

ಮುಂದಿನ ಸಲ ಅಪ್ಪನ ಜೊತೆ ಹಳೆಯ ಕಾಲದ ಯಹೂದಿ ಗುರು ರಬ್ಬಿ ಅಕೀವನ ಕಥೆ ಎತ್ತಿದೆ. 40 ವರ್ಷದವರೆಗೆ ಅಕ್ಷರ ಬಾರದ ಕುರುಬ, ಆಮೇಲೆ ದೊಡ್ಡ ಪಂಡಿತನಾದ. ಅವನನ್ನು ನಂಬಿ ಮದುವೆಯಾದ ರಾಹೇಲಳನ್ನು ಅವಳ ಅಪ್ಪ ಮನೆಯಿಂದ ಹೊರಹಾಕಿದ. ‘ಕಥೆ ನನಗೆ ಗೊತ್ತು. ನನ್ನ ಮಗ ಅಕೀವ ಅಲ್ಲ’ ಅಂದುಬಿಟ್ಟರು. ನಾನು ಸಿಕ್ಕಿಬಿದ್ದೆ. ದೊಡ್ಡವರ ಉದಾಹರಣೆ ಮಕ್ಕಳ ಮೇಲೆ ಹೇರುವುದು ನನಗೂ ಇಷ್ಟವಿಲ್ಲ. ಆದರೆ ಯಹೂದಿಗಳ ಧರ್ಮಚರ್ಚೆಯ ಗ್ರಂಥ ತಾಲ್ಮುದ್ ಪ್ರಕಾರ ರಾಹೇಲ್ ಮೊದಲು ಕಂಡದ್ದು ಮುಂದಿನ ಪಂಡಿತನನ್ನಲ್ಲ. ಅವನು ವಿನಯದವನು, ಒಳ್ಳೆಯವನು ಅನ್ನುವುದನ್ನು. ಆಗಲೇ ಕಣ್ಣೆದುರು ಇದ್ದದ್ದನ್ನು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಯಹೂದಿ ಗುರುಗಳ ನುಡಿಗಳ ಸಂಗ್ರಹ ಪಿರ್ಕೆ ಆವೋತ್‌ನ ಮಾತು ತೆಗೆದರು: ಎಲ್ಲರನ್ನೂ ಒಳಿತಿನ ತಟ್ಟೆಗೆ ಹಾಕಿ ತೂಗು. ಹೀಬ್ರೂನಲ್ಲಿ ಅದನ್ನು ‘ಇಡೀ ಮನುಷ್ಯನನ್ನು’ ಅಂತಲೂ ಓದಬಹುದಂತೆ. ಬರೀ ಓದುವ ತುಂಡನ್ನಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಡಿಸ್‌ಲೆಕ್ಸಿಯಾ, ಅಂದರೆ ಅಕ್ಷರ ಓದಲು ಕಷ್ಟವಾಗುವ ತೊಂದರೆ ಇದೆಯೇ ಅಂತ ತಪಾಸಣೆ ಮಾಡಿಸಿ. ಒಳ್ಳೆಯ ಕಣ್ಣಿನಿಂದ ನೋಡುವುದು ತಪಾಸಣೆಗೆ ಬದಲಿ ಅಲ್ಲ. ಒಂದು ಸರದಿಗೆ ಮೂರು ಸಾಲು, ಅಂದರೆ ಮೂರು ವಚನ ಓದಿದರೂ ನಿಯಮಕ್ಕೆ ಸಾಕು, ಅಷ್ಟೇ ಇಟ್ಟುಕೊಳ್ಳಿ. ಸೋಮವಾರ, ಗುರುವಾರ ಬೆಳಿಗ್ಗೆಯೂ ತೋರಾ ಓದುತ್ತಾರೆ, ಜನ ಕಡಿಮೆ. ಯಾವ ದಿನ ಅಂತ ಹುಡುಗನೇ ಆರಿಸಲಿ. ಪಾಠವನ್ನು ರೆಕಾರ್ಡ್ ಮಾಡಿ ಕೊಡಿ, ಅಭ್ಯಾಸಕ್ಕೆ ನೀವು ಕೂರಬೇಡಿ. ಮತ್ತೆ ದಿನಾ ರಾತ್ರಿ ಮಗ ಮಾಡಿದ ಒಂದು ಕೆಲಸ ಬರೆದಿಡಿ. ಜಾಣ, ಸೋಮಾರಿ ಅಂತೆಲ್ಲ ಬೇಡ, ಕಂಡದ್ದು ಮಾತ್ರ.

ಮೊದಲ ವಾರ ಹಾಳೆ ಹೆಚ್ಚುಕಡಿಮೆ ಖಾಲಿ. ಮೂರನೇ ವಾರದ ಒಂದು ಸಾಲು: ‘ಅಜ್ಜಿ ಮಲಗಿದ್ದರು, ಬಾಗಿಲನ್ನು ಹಿಡಿ ತಿರುಗಿಸಿಯೇ ಮುಚ್ಚಿದ.’

ಹುಡುಗ ಗುರುವಾರ ಆರಿಸಿದ. ಎರಡನೇ ಸಾಲಿನಲ್ಲಿ ಒಂದು ಪದ ತಪ್ಪಿತಂತೆ. ಓದು ತಪ್ಪಿದರೆ ಪಕ್ಕದಲ್ಲಿ ನಿಂತ ಗಬ್ಬಾಯಿ, ಅಂದರೆ ಓದನ್ನು ನೋಡಿಕೊಳ್ಳುವವರು, ತಿದ್ದುವುದು ಅಲ್ಲಿಯ ಪದ್ಧತಿ. ಅವರು ತಿದ್ದಿದರು, ಹುಡುಗ ಆ ಪದವನ್ನು ಮತ್ತೆ ಹಾಡಿ ಮುಂದೆ ಹೋದ. ‘ನೀವೇನು ಮಾಡಿದಿರಿ?’ ಅಂತ ಅಪ್ಪನನ್ನು ಕೇಳಿದೆ.

‘ಬಾಯಿ ಮುಚ್ಚಿಕೊಂಡಿದ್ದೆ. ಕಷ್ಟ ಆಯ್ತು’ ಅಂದರು.