ಕಾಗೆ ಒಯ್ದ ಮರಿ, ಪಾರಿವಾಳ ತಿಂದ ಕಾಳು

ಹಿತ್ತಲ ಕೋಳಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಕಾಗೆ, ಗಿಡುಗ, ಪಾರಿವಾಳದ ಮೇಲಿನ ದೂರೇ ಜಾಸ್ತಿ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವುಗಳಿಗೆ. ಹೊಸ ಓದುಗರಿಗೆ ಒಂದು ಮಾತು: ನಾನು ಸಕಲೇಶಪುರ ಸೀಮೆಯ ಹಳ್ಳಿಯವಳು. ಮದುವೆಯಾಗಿ ಬಂದಾಗ ಅಮ್ಮ ಒಂದು ಹ್ಯಾಟೆ, ಒಂದು ಹುಂಜ ಕೊಟ್ಟು ಕಳಿಸಿದ್ದರು. ಅಂದಿನಿಂದ ನಮ್ಮ ಹಿತ್ತಲು ಕೋಳಿಯಿಲ್ಲದೆ ಇದ್ದದ್ದು ಒಂದೇ ಸಲ. ಅದನ್ನು ಕೆಳಗೆ ಹೇಳಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಹ್ಯಾಟೆ 11 ಮರಿ ಮಾಡಿತ್ತು. ಹತ್ತು ದಿನದಲ್ಲಿ 7 ಹೋದವು. ಎರಡನ್ನು ಕಾಗೆ, ಒಂದನ್ನು ಗಿಡುಗ ಎತ್ತಿದ್ದನ್ನು ಕಣ್ಣಾರೆ ನೋಡಿದೆ. ಉಳಿದವು ಹೇಗೆ ಹೋದವೋ ಗೊತ್ತಾಗಲಿಲ್ಲ. ಸತ್ತ ಕಾಗೆಯನ್ನು ಕೋಲಿಗೆ ಕಟ್ಟಿ ನೇತುಹಾಕು ಅಂತ ಅತ್ತೆ ಹೇಳುತ್ತಾರೆ. ಪಕ್ಕದ ಮನೆಯವರು ಅನ್ನಕ್ಕೆ ವಿಷ ಕಲಸಿ ಇಡಿ ಅಂತಾರೆ. ನನಗೆ ಎರಡಕ್ಕೂ ಮನಸ್ಸಿಲ್ಲ. ಏನು ಮಾಡಲಿ?
(ಅರೇಹಳ್ಳಿಯಿಂದ ಒಬ್ಬ ಗೃಹಿಣಿ)

ತಂಗೀ, ವಿಷದ ಮಾತು ಮೊದಲು ಮುಗಿಸೋಣ. ಇಡಲೇಬೇಡಿ. ಅನ್ನ ಕಂಡರೆ ಮೊದಲು ಓಡಿ ಬರುವುದು ನಿಮ್ಮ ಕೋಳಿಯೇ. ಕಾಗೆ ಒಂದು ತುತ್ತು ಕಚ್ಚಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಬೀಳಿಸುತ್ತದೆ. ಸತ್ತ ಕಾಗೆಯನ್ನು ಮನೆ ನಾಯಿ ಕಚ್ಚಿ ಎಳೆಯುತ್ತದೆ. ಮಕ್ಕಳಿರುವ ಮನೆ ನಿಮ್ಮದು, ಅಲ್ವಾ?

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿ, ಬಾವಲಿಯ ಜೊತೆ ಊರ ಕಾಗೆಯನ್ನೂ ಪೀಡೆ ಪ್ರಾಣಿ ಅಂತ ಪಟ್ಟಿ ಮಾಡಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಗಿಡುಗಕ್ಕಂತೂ ಮೊದಲಿಂದಲೂ ರಕ್ಷಣೆ ಇದೆ. ಸತ್ತ ಕಾಗೆಯನ್ನು ಮುಟ್ಟಿ ಕಟ್ಟುವುದೂ ಬೇಡ. ಅದು ಯಾವ ರೋಗದಿಂದ ಸತ್ತಿದೆಯೋ! ಅತ್ತೆಯವರಿಗೆ ಸಮಾಧಾನವಾಗಿ ಹೇಳಿ.

ಈಗ ನಿಮ್ಮ 7 ಮರಿಯ ಲೆಕ್ಕಕ್ಕೆ ಬರೋಣ. ಮೂರನ್ನು ಹಕ್ಕಿ ಒಯ್ದದ್ದು ನೋಡಿದ್ದೀರಿ. ಉಳಿದ ನಾಲ್ಕರ ತಪ್ಪನ್ನೂ ಹಕ್ಕಿಯ ಮೇಲೆ ಹಾಕಬೇಡಿ. ಕಾಗೆ, ಗಿಡುಗ ಹಗಲಲ್ಲಿ ಮಾತ್ರ ಬರುತ್ತವೆ. ಸಂಜೆ ಗೂಡು ಮುಚ್ಚುವಾಗ ಒಮ್ಮೆ ಎಣಿಸಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಮತ್ತೆ ಎಣಿಸಿ. ರಾತ್ರಿ ಲೆಕ್ಕ ಕಡಿಮೆಯಾದರೆ ಅದು ಹೆಗ್ಗಣ, ಬೆಕ್ಕು, ಹಾವು, ಇಲ್ಲವೇ ಕಬ್ಬೆಕ್ಕಿನ ಕೆಲಸ. ನಮ್ಮ ಮನೆಯಲ್ಲಿ ಒಂದು ವರ್ಷ ಕಾಗೆಯನ್ನು ಬೈದುಕೊಂಡೇ ಇದ್ದೆವು. ಕೊನೆಗೆ ನೋಡಿದರೆ ಗೂಡಿನ ಮೂಲೆಯಲ್ಲಿ ಹೆಗ್ಗಣ ಬಿಲ ತೋಡಿತ್ತು. ಜಲ್ಲಿ ತುಂಬಿ ಸಿಮೆಂಟ್ ಹಾಕಿದ ಮೇಲೆ ನಿಂತಿತು.

ಹಗಲಿನ ಕಾಟಕ್ಕೆ ನನಗೆ ಗೊತ್ತಿರುವ ಗಟ್ಟಿ ಉಪಾಯ ಒಂದೇ. ಮೊದಲ ಆರು ವಾರ ಮರಿಗಳನ್ನು ಬಯಲಿಗೆ ಬಿಡಬೇಡಿ. ಅಮ್ಮ ಬಿದಿರಿನ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರುತ್ತಿದ್ದರು. ತಾಯಿ, ಮರಿ ಎಲ್ಲ ಅದರೊಳಗೇ. ಅದು ಎರಡು ವಾರಕ್ಕೆ ಸಾಕು, ಆಮೇಲೆ ಇಕ್ಕಟ್ಟು. ನಾನು 6 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ಚೌಕಟ್ಟು ಮಾಡಿಸಿ, ಅರ್ಧ ಇಂಚಿನ ಜಾಲರಿ ಹೊಡೆಸಿದ್ದೇನೆ. ಮೇಲೂ ಜಾಲರಿ, ಕೆಳಗೆ ಮಾತ್ರ ಏನೂ ಇಲ್ಲ. ದಿನಾ ಬೆಳಿಗ್ಗೆ ಇಬ್ಬರು ಹಿಡಿದು ಹೊಸ ಹುಲ್ಲಿಗೆ ಸರಿಸುತ್ತೇವೆ. ಮರಿಗೆ ಹುಳು, ಗರಿಕೆ ಎಲ್ಲ ಸಿಗುತ್ತದೆ. ಒಂದೇ ಜಾಗದಲ್ಲಿ ಹಿಕ್ಕೆ ಕೊಳೆಯುವುದಿಲ್ಲ. ಕಾಗೆ ಮೇಲೆ ಕೂತು ನೋಡುತ್ತದೆ, ಹೋಗುತ್ತದೆ. ಸಂಜೆ ಮಾತ್ರ ಎಲ್ಲವನ್ನೂ ಗೂಡಿಗೆ ಸೇರಿಸಿ. ಕೆಳಗೆ ತಳವಿಲ್ಲದ್ದು ರಾತ್ರಿಗೆ ಭದ್ರವಲ್ಲ.

ದೊಡ್ಡ ಜಾಗ ಮುಚ್ಚಬೇಕಾದರೆ ಹಳೆಯ ಮೀನಿನ ಬಲೆ ಒಳ್ಳೆಯದು. ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹತ್ತಿರ ಹರಿದ ಬಲೆ ಇದ್ದರೆ ಕೇಳಿ ನೋಡಿ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟರೆ ಪಾಪದ ಹಕ್ಕಿಗಳು ಕಾಲು ಸಿಕ್ಕಿಸಿಕೊಂಡು ಒದ್ದಾಡಿ ಸಾಯುತ್ತವೆ. ಸಿಡಿ ನೇತುಹಾಕುವುದು, ಬೆದರುಬೊಂಬೆ ನಿಲ್ಲಿಸುವುದು ನಾಲ್ಕು ದಿನದ ಆಟ. ಕಾಗೆಯ ಬುದ್ಧಿ ನಿಮಗೆ ಗೊತ್ತಲ್ಲ.

ಮರಿ ಮಾಡಿಸುವ ಕಾಲವನ್ನೂ ಸ್ವಲ್ಪ ಯೋಚಿಸಿ. ಬೇಸಿಗೆಯ ಕೊನೆಗೆ ಕಾಗೆ ಗೂಡು ಕಟ್ಟುತ್ತದೆ. ಅದರ ಮರಿಗಳೂ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಆಗಲೇ ನಮ್ಮ ಮರಿಗೆ ಅಪಾಯ ಜಾಸ್ತಿ. ನಾನು ದೀಪಾವಳಿ ಹೊತ್ತಿಗೆ ಹ್ಯಾಟೆಯನ್ನು ಕಾವಿಗೆ ಕೂರಿಸುತ್ತೇನೆ. 21 ದಿನಕ್ಕೆ ಮರಿ ಬರುತ್ತವೆ. ಕಾಗೆ ಗೂಡು ಕಟ್ಟುವ ಕಾಲಕ್ಕೆ ಅವು ಕಾಗೆಗಿಂತ ದೊಡ್ಡವಾಗಿರುತ್ತವೆ. ಮಲೆನಾಡಿನ ಮಳೆಯಲ್ಲಿ ಮರಿ ಬೆಳೆಸುವ ಕಷ್ಟವೂ ತಪ್ಪುತ್ತದೆ. ಒದ್ದೆ ನೆಲದಲ್ಲಿ ರಕ್ತಭೇದಿ ಬಂದರೆ ಗಿಡುಗಕ್ಕಿಂತ ಹೆಚ್ಚು ಮರಿ ಒಯ್ಯುತ್ತದೆ.

ಪ್ರಶ್ನೆ: 30 ಗಿರಿರಾಜ ಸಾಕಿದ್ದೇನೆ. ಹಾಕಿದ ಕಾಳಿನಲ್ಲಿ ಅರ್ಧ ಪಾರಿವಾಳ, ಗುಬ್ಬಿಗೇ ಹೋಗುತ್ತದೆ. ಅವುಗಳಿಂದ ಕೊಕ್ಕರೆ ರೋಗ ಬರುತ್ತದಂತೆ, ನಿಜವೇ ಅಕ್ಕಾ?
(ಆಲೂರಿನಿಂದ ಒಬ್ಬ ಯುವಕ)

ನಿಜ ತಮ್ಮಾ. ಪಾರಿವಾಳ ಆ ರೋಗದ ವೈರಸ್ ಹೊತ್ತು ತರಬಲ್ಲದು. ಆದರೆ ನನ್ನ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಸಂತೆಯಿಂದ ಒಂದು ಚೆಂದದ ಹ್ಯಾಟೆ ತಂದೆ. ಅವತ್ತೇ ಸಂಜೆ ಉಳಿದ 18 ಕೋಳಿಗಳ ಜೊತೆ ಗೂಡಿಗೆ ಬಿಟ್ಟೆ. ಐದನೇ ದಿನ ಅದು ಮಂಕಾಯಿತು. ಹಸಿರು ಭೇದಿ. ಬಾಯಿ ತೆರೆದು ಉಸಿರಾಡುತ್ತಿತ್ತು. ಆಮೇಲೆ ನಮ್ಮವಕ್ಕೂ ಶುರುವಾಯಿತು. ಕುತ್ತಿಗೆ ತಿರುಚಿಕೊಂಡು ಸುತ್ತುತ್ತಿದ್ದವು. ಎರಡು ವಾರದಲ್ಲಿ ಒಂದೂ ಉಳಿಯಲಿಲ್ಲ. ಅಮ್ಮ ಕೊಟ್ಟ ಹ್ಯಾಟೆಯ ತಳಿ ಅಲ್ಲಿಗೇ ಮುಗಿಯಿತು. ಅದನ್ನು ಬರೆಯುವಾಗ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ಮನೆಯವರೆಲ್ಲ ಮಾಡಿನ ಪಾರಿವಾಳವನ್ನೇ ದೂರಿದರು. ಆದರೆ ರೋಗವನ್ನು ಗೂಡಿನೊಳಗೆ ಕೈಯಾರೆ ಬಿಟ್ಟವಳು ನಾನು. ಹೊಸ ಕೋಳಿ ತಂದರೆ ಮೂರು ವಾರ ದೂರದಲ್ಲಿ ಬೇರೆ ಇಡಿ. ಅದಕ್ಕೆ ನೀರು, ಕಾಳು ಕೊನೆಯಲ್ಲಿ ಕೊಡಿ, ಕೈಕಾಲು ತೊಳೆದುಕೊಳ್ಳಿ.

ಈ ರೋಗಕ್ಕೆ ಪುಸ್ತಕದ ಹೆಸರು ರಾಣಿಖೇತ್. ಉತ್ತರಾಖಂಡದ ಊರಿನ ಹೆಸರು ಅದು. ಬಂದ ಮೇಲೆ ಔಷಧಿ ಇಲ್ಲ, ಬರುವ ಮೊದಲು ಲಸಿಕೆ ಇದೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಇಲ್ಲವೇ ಮೂಗಿಗೆ ಒಂದು ಹನಿ ಲಸೋಟ. ನಾಲ್ಕು ವಾರಕ್ಕೆ ಮತ್ತೊಮ್ಮೆ. ಎಂಟು ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು. ದಿನದ ಲೆಕ್ಕ ಒಮ್ಮೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ತೊಂದರೆ ಏನೆಂದರೆ, ಒಂದು ಸೀಸೆಯಲ್ಲಿ ನೂರು ಕೋಳಿಗೆ, ಕೆಲವು ಸಲ ಇನ್ನೂ ಜಾಸ್ತಿ ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿ ಇರುವವರು ಸೀಸೆ ಒಡೆಯಲು ಹಿಂದೆಮುಂದೆ ನೋಡುತ್ತಾರೆ. ನಮ್ಮ ಕೇರಿಯಲ್ಲಿ ಎಂಟು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಒಬ್ಬರು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತರುತ್ತಾರೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಮನೆಮನೆಗೆ ಹೋಗಿ ಮುಗಿಸುತ್ತೇವೆ. ನೀವೂ ಹಾಗೆ ಮಾಡಿ ತಮ್ಮಾ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮ ಕೇರಿಗೆ ಭಯ ತಪ್ಪಿದ್ದಲ್ಲ.

ಕಾಳಿನ ವಿಷಯ ಸುಲಭ. ಅಂಗಳಕ್ಕೆ ಎರಚುವುದನ್ನು ಬಿಡಿ. ಗೂಡಿನೊಳಗೇ ಹಾಕಿ, ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದದ್ದನ್ನು ಎತ್ತಿಡಿ. ನೀರಿನ ಬಾನಿಯೂ ಸೂರಿನ ಕೆಳಗೇ ಇರಲಿ. ತೆರೆದ ಬಾನಿಯ ಅಂಚಿಗೆ ಕೂತು ಹಕ್ಕಿ ಹಿಕ್ಕೆ ಹಾಕುವುದೇ ದೊಡ್ಡ ಅಪಾಯ. ಗುಬ್ಬಿಯನ್ನು ಓಡಿಸಬೇಕಾಗಿಲ್ಲ. ಕಿಟಕಿಗೆ ಅರ್ಧ ಇಂಚಿನ ಜಾಲರಿ ಹೊಡೆದರೆ ಸಾಕು. ಅದು ಹೊರಗೆ ಅದರ ಪಾಡಿಗೆ ಇರಲಿ.

ಪ್ರಶ್ನೆ: ತೋಟದಿಂದ ಕಾಡುಕೋಳಿ ಹುಂಜ ಬಂದು ನಮ್ಮ ಹ್ಯಾಟೆಗಳ ಜೊತೆ ಓಡಾಡುತ್ತದೆ. ಹಿಡಿದು ಸಾಕಬಹುದೇ?
(ಮೂಡಿಗೆರೆಯಿಂದ ಒಬ್ಬ ಬೆಳೆಗಾರರು)

ಹಿಡಿಯಬಾರದು ಅಣ್ಣಾ, ಅದು ವನ್ಯಜೀವಿ. ಕಾಡಿನಿಂದ ಅದರ ಮೊಟ್ಟೆ ತಂದು ನಾಟಿ ಹ್ಯಾಟೆಯ ಕೆಳಗೆ ಇಡುವುದೂ ತಪ್ಪು. ನಮ್ಮ ಕಡೆಯದು ಬೂದು ಕಾಡುಕೋಳಿ. ಮನೆಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೂ ಕೋಳಿಯ ಹಳದಿ ಚರ್ಮ, ಹಳದಿ ಕಾಲು ಬಂದದ್ದು ಈ ಬೂದು ಕಾಡುಕೋಳಿಯ ಕಡೆಯಿಂದ ಅಂತ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ನಮ್ಮ ಕಾಫಿ ಗಿಡದ ಬುಡದಲ್ಲಿ ಕೆದಕುವ ಹಕ್ಕಿಯ ಗುರುತು ಊರೂರಿನ ಕೋಳಿಯ ಕಾಲಲ್ಲಿದೆ ಅಂದರೆ ನನಗೆ ಬಹಳ ಖುಷಿ. ನಿಮ್ಮ ಕೋಳಿಯ ರೋಗ ಅದಕ್ಕೂ ಹೋಗಬಹುದು, ಅದರದ್ದು ನಿಮ್ಮದಕ್ಕೂ ಬರಬಹುದು. ಕಾಳು ಹೊರಗೆ ಚೆಲ್ಲದಿದ್ದರೆ ಅದು ಬರುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಕಾಗೆ, ಕೆಂಬೂತ ಗೂಡಿಗೇ ನುಗ್ಗಿ ಮೊಟ್ಟೆ ಒಡೆಯುತ್ತವೆ.
(ಬೇಲೂರಿನಿಂದ)

ಮೊಟ್ಟೆ ಇಡುವ ಬುಟ್ಟಿಯ ಮುಂದೆ ಗೋಣಿಚೀಲವನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಪರದೆಯಂತೆ ಇಳಿಬಿಡಿ. ಕೋಳಿ ಎರಡು ದಿನದಲ್ಲಿ ಕಲಿತು ಒಳಗೆ ಹೋಗುತ್ತದೆ. ಕಾಗೆ ಕತ್ತಲೆಗೆ ತಲೆ ಹಾಕಲು ಹೆದರುತ್ತದೆ. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಒಮ್ಮೆ ಮೊಟ್ಟೆ ಎತ್ತಿಕೊಳ್ಳಿ.

ಪ್ರಶ್ನೆ: ಮನೆ ಹಿಂದೆ ಒಂದೇ ವಾರದಲ್ಲಿ ಮೂರು ಕಾಗೆ ಸತ್ತು ಬಿದ್ದವು. ನಮ್ಮಲ್ಲಿ ಆರು ಕೋಳಿ ಇವೆ. ಹಕ್ಕಿ ಜ್ವರ ಇರಬಹುದೇ? ಮೊಟ್ಟೆ ತಿನ್ನಬಹುದೇ?
(ಹಾಸನ ನಗರದಿಂದ ಒಬ್ಬ ತಾಯಿ)

ಒಂದು ಕಾಗೆ ಸತ್ತರೆ ಕರೆಂಟ್ ತಂತಿ ಕಾರಣ ಇರಬಹುದು. ಒಂದೇ ಜಾಗದಲ್ಲಿ ಮೂರು ಅಂದರೆ ಸುಮ್ನೆ ಬಿಡುವ ಹಾಗಿಲ್ಲ. 2021ರ ಆರಂಭದಲ್ಲಿ ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಹಕ್ಕಿ ಜ್ವರ ಮೊದಲು ಕಂಡದ್ದು ಕಾಗೆಗಳಲ್ಲೇ. ನಮ್ಮ ರಾಜ್ಯದಲ್ಲೂ 2020ರ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಬಂದಿತ್ತು. ಇವತ್ತೇ ಪಶು ಆಸ್ಪತ್ರೆಗೆ ಹೇಳಿ. ಕಾರಣ ಅವರೇ ಪರೀಕ್ಷೆ ಮಾಡಿಸಿ ಹೇಳಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು, ನಾಯಿಯನ್ನು ಅತ್ತ ಬಿಡಬೇಡಿ. ಮೊಟ್ಟೆಯನ್ನು ಹಳದಿ ಗಟ್ಟಿಯಾಗುವವರೆಗೆ ಚೆನ್ನಾಗಿ ಬೇಯಿಸಿ. ಒಳಗಿನವರೆಗೂ 70 ಡಿಗ್ರಿ ಬಿಸಿ ತಾಕಿದರೆ ಆ ವೈರಸ್ ಉಳಿಯದು. ಕೋಳಿಗಳಲ್ಲಿ ಒಂದು ಮಂಕಾದರೂ ಮೊಟ್ಟೆ, ಮಾಂಸ ಎರಡನ್ನೂ ನಿಲ್ಲಿಸಿ. ಡಾಕ್ಟರು ಬಂದು ನೋಡುವವರೆಗೆ ಆರನ್ನೂ ಗೂಡಿನೊಳಗೇ ಇಡಿ. ಅಂಗಳದ ನೀರಿನ ಬಾನಿ ಕವುಚಿಬಿಡಿ.