ಆಫೀಸಿನ ಸಿಟ್ಟು ಅಮ್ಮನ ಮೇಲೆ ಯಾಕೆ?

ಮೈಸೂರಿನ ಆಫೀಸಲ್ಲಿ ಬೈಸಿಕೊಂಡು ಸುಮ್ಮನಿರ್ತೀನಿ, ಮಂಡ್ಯದ ಮನೆಗೆ ಬಂದ ತಕ್ಷಣ ಅಮ್ಮನ ಮೇಲೆ ರೇಗ್ತೀನಿ, ಯಾಕೆ ಅಂತ ಕೇಳಿದ್ದೀರಿ. ಇದು ಬಹುಶಃ ಜಾಗ ಬದಲಿಸಿದ ಸಿಟ್ಟು. ನಾವು ಯಾರಿಗೆ ಎದುರಾಡಕ್ಕೆ ಆಗಲ್ವೋ ಅವರ ಮೇಲಿನ ಕೋಪ, ನಮ್ಮನ್ನ ಬಿಟ್ಟುಹೋಗಲ್ಲ ಅನ್ನೋ ನಂಬಿಕೆ ಇರೋರ ಮೇಲೆ ಬೀಳುತ್ತೆ. ನಾನೂ ಹೀಗೇ ಆಡ್ತಿದ್ದೆ, ಪಾಪ ನಮ್ಮಮ್ಮ.

ಮನೆಗೆ ಹೊರಟು ರೈಲು ಹತ್ತಿದ ಮೇಲೆ, ದಾರಿಯಲ್ಲಿ ಶ್ರೀರಂಗಪಟ್ಟಣ ಬರೋಷ್ಟರಲ್ಲಿ ಒಂದು ಸಾಲು ಬರೀರಿ. ಬರೀ ‘ಸಿಟ್ಟು’ ಅಂತಲ್ಲ, ‘ಎಲ್ಲರೆದುರು ಅವಮಾನ ಆಯ್ತು’ ಅಂತ. ಭಾವನೆಗೆ ಸರಿಯಾದ ಹೆಸರಿಟ್ಟರೆ ಅದರ ಬಿಸಿ ಕೊಂಚ ಇಳಿಯುತ್ತೆ. ಆಮೇಲೆ ಐದು ನಿಮಿಷ ಉಸಿರನ್ನ ನಿಧಾನವಾಗಿ ಹೊರಗೆ ಬಿಡಿ. ಮನೆಗೆ ಹೋದವರೇ ಮೊದಲು ಏನಾದ್ರೂ ತಿನ್ನಿ, ಹಸಿವೂ ಸೇರಿಕೊಂಡಿರಬಹುದು. ಅಮ್ಮಂಗೆ ‘ಇವತ್ತು ತಲೆ ಕೆಟ್ಟಿದೆ, ಹದಿನೈದು ನಿಮಿಷ ಬಿಡಮ್ಮ’ ಅಂದ್ಬಿಡಿ.

ನಿದ್ದೆಯೂ ಕೆಟ್ಟಿದ್ರೆ ಇಷ್ಟು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.